ಎರೆಭೂತಕ್ಕೆ ಎರಡನೆಯ ಸಾಕ್ಷಿ

ಹಕ್ಕಿಗಳ ವಿಷಯ ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಅವರ ಮುಂದೆ ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕೇಳಿಸಿಕೊಂಡಿದ್ದರಲ್ಲಿ ಎಲ್ಲಾದರೂ ತಪ್ಪಿರಬಹುದು. ಬೇಕೆಂದು ಸೇರಿಸಿದ್ದು ಯಾವುದೂ ಇಲ್ಲ.

ಹಿರಿಯೂರಿನಿಂದ ಹರಿಯಬ್ಬೆಗೆ ಓಡುತ್ತಿದ್ದ ಒಂದು ಖಾಸಗಿ ಬಸ್ಸಿನಲ್ಲಿ ಚಿತ್ರಲಿಂಗಪ್ಪ ಕಂಡಕ್ಟರ್ ಆಗಿದ್ದ. ಚಿತ್ರದುರ್ಗದಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಸಂಜೆ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ದಾಟಿದವನು. ಅಲ್ಲಿನ ಮೇಷ್ಟ್ರೊಬ್ಬರು ಅವನಿಗೆ ಹಕ್ಕಿ ನೋಡುವ ಹುಚ್ಚು ಹತ್ತಿಸಿದ್ದರು. ಟಿಕೆಟ್ ಪುಸ್ತಕದ ಜೊತೆ ಒಂದು ಚಿಕ್ಕ ನೋಟ್‌ಬುಕ್ ಸದಾ ಅವನ ಕಿಸೆಯಲ್ಲಿರುತ್ತಿತ್ತು. ಹೋಗುವಾಗ ತಂತಿಯ ಮೇಲೆ ಕಂಡ ನೀಲಕಂಠವನ್ನು ಬರೆದುಕೊಳ್ಳುತ್ತಿದ್ದ. ಬರುವಾಗ ಅದೇ ಕಂಬದ ಹತ್ತಿರ ಮತ್ತೆ ಕಂಡರೆ ಬರೆಯುತ್ತಿರಲಿಲ್ಲ, ಅದೇ ಹಕ್ಕಿ ಇರಬಹುದೆಂದು. ಆಮೇಲೆ, ಅದೇ ಅಲ್ಲದಿದ್ದರೆ ಒಂದು ಹಕ್ಕಿಗೆ ಅನ್ಯಾಯವಾಯಿತಲ್ಲ ಎಂದು ಅದಕ್ಕೂ ಕೊರಗುತ್ತಿದ್ದ. ತಿಂಗಳ ಕೊನೆಗೆ ಇದನ್ನೆಲ್ಲ ಅಂಚೆ ಕಾರ್ಡಿನಲ್ಲಿ ಒತ್ತೊತ್ತಾಗಿ ಬರೆದು ಬೆಂಗಳೂರಿನ ಹಕ್ಕಿ ನೋಡುವವರ ಸಂಘವೊಂದಕ್ಕೆ ಕಳಿಸುತ್ತಿದ್ದ. ಸಂಘದ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲಿ ಎರಡು ಸಲ ಅವನ ಹೆಸರು ಬಂದಿತ್ತು.

ಎಪ್ಪತ್ತನಾಲ್ಕನೆಯ ಇಸವಿ, ನವೆಂಬರ್ ತಿಂಗಳು. ಹರಿಯಬ್ಬೆ ಇನ್ನು ಮೂರು ಮೈಲಿ ಇದೆ ಎನ್ನುವಾಗ, ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ, ಡ್ರೈವರ್ ಓಬಯ್ಯ ಇದ್ದಕ್ಕಿದ್ದಂತೆ ಬ್ರೇಕ್ ಒತ್ತಿದ. ಹಿಂದಿನ ಬಾಗಿಲ ಹತ್ತಿರ ಚಿಲ್ಲರೆ ಎಣಿಸುತ್ತಿದ್ದ ಚಿತ್ರಲಿಂಗಪ್ಪ ತೂರಾಡಿಕೊಂಡು ಕಿಟಕಿ ಹಿಡಿದ. ಧೂಳಿನ ಆಚೆ, ಶೇಂಗಾ ಕಿತ್ತ ಹೊಲದ ಮೇಲೆ, ಸೊಂಟದೆತ್ತರದ ಒಂದು ಹಕ್ಕಿ ನಾಲ್ಕು ಹೆಜ್ಜೆ ಓಡಿ, ಭಾರವಾದ ರೆಕ್ಕೆ ಬಡಿಯುತ್ತ ನೆಲಕ್ಕೆ ಸಮನಾಗಿ ಹಾರಿಹೋಯಿತು. ಬಿಳಿಯ ಕತ್ತು, ಕಂದು ಬೆನ್ನು. ಎರೆಭೂತ! ಪುಸ್ತಕದ ಚಿತ್ರದಲ್ಲಿ ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಆದರೆ ತಲೆಯ ಮೇಲೆ ಕಪ್ಪು ಟೋಪಿಯಂಥ ಗುರುತು ಇರಬೇಕು. ಅದು ಅವನಿಗೆ ಕಾಣಲಿಲ್ಲ.

ಅಷ್ಟರಲ್ಲಿ ಮುಂದೆ ಕೂಗೆದ್ದಿತು. ಮಗಳ ಮನೆಯಿಂದ ಹಟ್ಟಿಗೆ ಮರಳುತ್ತಿದ್ದ ಕುರಿಗಾಹಿ ಮುದುಕಿ ಕಾಟಮ್ಮನ ಹಣೆ ಕಬ್ಬಿಣದ ಸರಳಿಗೆ ಬಡಿದು ರಕ್ತ ಸೋರುತ್ತಿತ್ತು.

ಸಂಜೆ ಹಿರಿಯೂರಿನಲ್ಲಿ ಬಸ್ಸಿನ ಮಾಲೀಕರಾದ ಸಾಹುಕಾರರ ಏಜೆಂಟ್ ಕಾಗದ, ಪೆನ್ನು ಹಿಡಿದು ಕಾಯುತ್ತಿದ್ದ. ಬಸ್ ಯಾಕೆ ನಿಂತಿತು? ಓಬಯ್ಯ ಚಿತ್ರಲಿಂಗಪ್ಪನ ಮುಖವನ್ನೇ ನೋಡಿದ. ಹಿಂದೊಮ್ಮೆ ಕೆರೆ ಏರಿಯ ಮೇಲೆ ಹಕ್ಕಿ ನೋಡಲು ಚಿತ್ರಲಿಂಗಪ್ಪ ಕೇಳಿಕೊಂಡನೆಂದು ಒಂದು ನಿಮಿಷ ಬಸ್ ನಿಲ್ಲಿಸಿದ್ದಕ್ಕೆ ಯಾರೋ ದೂರು ಕೊಟ್ಟಿದ್ದರು. ಆಗ ಓಬಯ್ಯ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡಿದ್ದ. ಇನ್ನೊಂದು ಸಲ ಹಕ್ಕಿ ಗಿಕ್ಕಿ ಅಂತ ಗಾಡಿ ನಿಂತರೆ ಇಳಿದು ಮನೆಗೆ ಹೋಗು ಎಂದು ಸಾಹುಕಾರರು ಅವನಿಗೆ ಹೇಳಿಯೂ ಆಗಿತ್ತು.

"ಮೇಕೆ ಅಡ್ಡ ಬಂತ್ರಿ," ಎಂದ ಓಬಯ್ಯ.

ಏಜೆಂಟ್ ಬರೆದುಕೊಂಡ. ಕಂಡಕ್ಟರನ ಸಹಿಯೂ ಬೇಕಿತ್ತು. ಚಿತ್ರಲಿಂಗಪ್ಪ ಸಹಿ ಹಾಕಿದ. ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಕಾರ್ಡು ಹಾಕಿದ. ಎರಡರಲ್ಲೂ ಅದೇ ದಿನ, ಅದೇ ಹೊತ್ತು, ಅದೇ ಜಾಗ. ಒಂದು ಕಾಗದದಲ್ಲಿ ಮೇಕೆ, ಇನ್ನೊಂದರಲ್ಲಿ ಎರೆಭೂತ. ಎರಡರ ಕೆಳಗೂ ಅವನದೇ ಹೆಸರು.

ಹದಿನೈದು ದಿನಕ್ಕೆ ಉತ್ತರ ಬಂತು. ಆ ಭಾಗದಿಂದ ಇಪ್ಪತ್ತು ವರ್ಷಗಳಲ್ಲಿ ಈ ಹಕ್ಕಿಯ ವರದಿಯೇ ಬಂದಿಲ್ಲ, ನಿಮ್ಮದು ದೊಡ್ಡ ಸುದ್ದಿ, ಆದರೆ ತಲೆಯ ಗುರುತನ್ನು ನೀವು ಕಂಡಿಲ್ಲವೆಂದು ನೀವೇ ಬರೆದಿದ್ದೀರಿ. ಕಂಡ ಇನ್ನೊಬ್ಬರ ಸಹಿಯುಳ್ಳ ಪತ್ರ ಕಳಿಸಿದರೆ ಜಾಗ, ಹೊತ್ತು, ಇಬ್ಬರ ಹೆಸರು ಸಮೇತ ಅಚ್ಚು ಹಾಕುತ್ತೇವೆ.

ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಚಿತ್ರಲಿಂಗಪ್ಪ ಮಾತು ತೆಗೆದ.

"ಓಬಣ್ಣ, ಒಂದು ಸಹಿ ಬೇಕಿತ್ತು."

"ಯಾಕಲೇ, ಇನ್ನೊಂದು ಮೇಕೆ ಓಡ್ತಾ?"

ಚಿತ್ರಲಿಂಗಪ್ಪ ಕಾಗದ ಓದಿ ಹೇಳಿದ. ಓಬಯ್ಯ ಸಾಸರಿಗೆ ಟೀ ಸುರಿದುಕೊಂಡು ಊದಿದ.

"ಇಪ್ಪತ್ತು ವರ್ಷದಿಂದ ಆ ರೋಡಾಗೆ ಮೇಕೆನೂ ಓಡಾಡ್ತಾ ಅವೆ. ಯಾರು ಬರ್ಕಂಡವ್ರೆ?"

"ತಮಾಷೆ ಬ್ಯಾಡ. ತಲೆ ಮ್ಯಾಲೆ ಕರಿ ಟೋಪಿ ಇತ್ತು ಅಂತ ನೀನೇ ಅವತ್ತು ಅಂದೆ."

"ಇತ್ತು ಕಣೋ. ದಾರಿ ಬಿಡಲ್ಲ ಅಂತ ಪೋಲಿಸ್ನೋನ ತರ ನಿಂತಿತ್ತು, ಇನ್ನೂ ಕಣ್ಣಾಗೈತೆ." ಓಬಯ್ಯನ ದನಿ ಇಳಿಯಿತು. "ಮೇಕೆಗಾದ್ರೆ ಬ್ರೇಕ್ ಹಾಕ್ಲೇಬೇಕು. ಹಾಕ್ದಿದ್ರೆ ಊರೋರೆಲ್ಲ ಬಂದು ಗಾಡಿ ತಡೀತಾರೆ. ಹಕ್ಕಿಗೆ ಯಾವೂರು? ಯಾರು ಕೇಳ್ಕಂಡು ಬತ್ತಾರೆ? ಹಕ್ಕಿ ಸಲುವಾಗಿ ಮುದುಕಿ ಹಣೆ ಒಡೆದ ಅಂದ್ರೆ ನಾಳೆ ನಾನು ಮನ್ಯಾಗೆ."

"ಆ ಪತ್ರಿಕೆ ಸಾಹುಕಾರ್ರು ಓದಲ್ಲ ಓಬಣ್ಣ."

"ಅವ್ರು ಓದಲ್ಲ. ನೀನು ಬಿಡ್ತೀಯಾ? ಹೋದ್ಸಲ ನಿನ್ ಹೆಸ್ರು ಬಂದಾಗ ಸ್ಟ್ಯಾಂಡಾಗೆ ಬಾಳೆಹಣ್ಣು ಮಾರೋಳಿಗೂ ತೋರ್ಸಿದ್ದೆ."

ಅದು ಸುಳ್ಳಲ್ಲ. ಏಜೆಂಟನಿಗೂ ತೋರಿಸಿದ್ದ. ಚಿತ್ರಲಿಂಗಪ್ಪ ಕಾಗದ ಮಡಚಿ ಕಿಸೆಗೆ ಹಾಕಿಕೊಂಡ.

ಆದರೂ ಮನಸ್ಸು ಸುಮ್ಮನಿರಲಿಲ್ಲ. ಕಾಟಮ್ಮ ಕೂತಿದ್ದು ಮುಂದಿನ ಸೀಟಿನಲ್ಲೇ ಅಲ್ಲವೇ? ರಜೆಯ ದಿನ ಹಟ್ಟಿಗೆ ನಡೆದುಕೊಂಡು ಹೋದ. ಮುದುಕಿ ಮುಳ್ಳಿನ ಬೇಲಿಯ ಪಕ್ಕ ಕೂತು, ತಾಯಿ ಸತ್ತ ಕುರಿಮರಿಗೆ ಬೇರೆ ಕುರಿಯ ಹಾಲು ಕುಡಿಸುತ್ತಿದ್ದಳು. ಹಣೆಯ ಗಾಯ ಒಣಗಿ ಕಪ್ಪಾಗಿತ್ತು.

"ಬಾರಪ್ಪ ಕಂಡಕ್ಟ್ರಪ್ಪ, ಕುಂತ್ಕ. ನನ್ ಹಣೆ ನೋಡಾಕೆ ಬಂದ್ಯಾ, ಟಿಕೀಟ್ ಹರಿಯಾಕೆ ಬಂದ್ಯಾ?"

"ಹಣೆ ನೋಡಾಕೇ ಅಜ್ಜಿ," ಎಂದ. ಹೇಳಿದ ಕೂಡಲೇ ನಾಚಿಕೆಯಾಯಿತು. "ಪೂರ್ತಿ ಹಂಗಲ್ಲ. ಅವತ್ತು ಬಸ್ಸಿನ ಮುಂದೆ ಏನು ಬಂತು, ನೋಡಿದ್ಯಾ?"

"ಮೇಕೆ," ಎಂದಳು ಕಾಟಮ್ಮ. ಮರಿಯ ಬಾಯಿ ಒರೆಸುತ್ತ ಅವನನ್ನು ಓರೆಗಣ್ಣಿನಿಂದ ನೋಡಿ ನಕ್ಕಳು. "ನಿಮ್ ಏಜೆಂಟಪ್ಪ ಬಂದಿದ್ದ. ಮೇಕೆನಾ ಅಂದ. ಹೂಂ ಅಂದೆ. ಹುಟ್ಟಿದಾಗಿಂದ ಆಡು, ಕುರಿ ಹಿಂದೆ ತಿರುಗಿದೋಳು, ಎರಡು ಕಾಲಿನ ಮೇಕೆ ಅವತ್ತೇ ನೋಡಿದ್ದು ನೋಡಪ್ಪ."

ಚಿತ್ರಲಿಂಗಪ್ಪ ಅವಳ ಹತ್ತಿರಕ್ಕೆ ಸರಿದ. "ತಲೆ ಹೆಂಗಿತ್ತಜ್ಜಿ? ಮ್ಯಾಲೆ ಕಪ್ಪಿತ್ತಾ?"

"ಸೆರಗಿನಾಗೆ ಹಣೆ ಒತ್ಕಂಡಿದ್ದೆ. ಕತ್ತು ಬೆಳ್ಳಗಿತ್ತು, ಅಷ್ಟೇ. ಸುಳ್ಳು ಯಾಕೆ ಹೇಳಲಿ?"

"ಮತ್ತೆ ಏಜೆಂಟ್ರಿಗೆ ಹೇಳಿದ್ದು?"

"ಅದು ಬ್ಯಾರೆ. ನನ್ ಹಣೆ ನಾಕು ದಿನಕ್ಕೆ ವಾಸಿ ಆತು. ಓಬಯ್ಯನ ಕೆಲ್ಸ ಹೋದ್ರೆ ಅದು ವಾಸಿ ಆಗ್ತೈತಾ?" ಮರಿಯನ್ನು ಕೆಳಗಿಳಿಸಿದಳು. "ಹೆಬ್ಬೆಟ್ಟು ಒತ್ತು ಅಂದ್ರೆ ಒತ್ತುತೀನಪ್ಪ. ಅದ್ರಿಂದ ಆ ಹಕ್ಕಿಗೇನಾಗ್ತೈತೆ?"

"ಅದು ಈ ಕಡೆ ಐತೆ ಅಂತ ಎಲ್ರಿಗೂ ಗೊತ್ತಾಗ್ತೈತೆ."

"ಬಂದೂಕದೋರಿಗೂ?"

ಪತ್ರಿಕೆ ಓದುವವರು ಅಂಥವರಲ್ಲ ಎನ್ನಲು ಹೊರಟ. ತಾನು ಅವರಲ್ಲಿ ಒಬ್ಬರನ್ನೂ ಕಂಡಿಲ್ಲವೆಂದು ನೆನಪಾಯಿತು.

ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಲ್ಲ. ಕಾಣದ ಗುರುತಿಗೆ ಅವಳ ಸಾಕ್ಷಿ ಹೇಗೆ ಕೇಳುವುದು? ಕಂಡವನು ಓಬಯ್ಯ ಒಬ್ಬನೇ, ಅವನು ಬರೆದುಕೊಟ್ಟರೆ ಮನೆಯ ಐದು ಹೊಟ್ಟೆಗಳ ಪ್ರಶ್ನೆ. ದಾರಿಯುದ್ದಕ್ಕೂ ಅದನ್ನೇ ತಿರುಗಿಸಿ ತಿರುಗಿಸಿ ಯೋಚಿಸಿದ. ಮೇಕೆಯ ಕಾಗದಕ್ಕೆ ಅಂದು ಸಹಿ ಹಾಕದೆ ಇದ್ದಿದ್ದರೆ? ಕೆರೆ ಏರಿಯ ಮೇಲೆ ಒಂದು ನಿಮಿಷ ಕೇಳದೆ ಇದ್ದಿದ್ದರೆ?

ಸೋಮವಾರ ಕಾರ್ಡು ಬರೆದ. ಸಾಕ್ಷಿ ಇಲ್ಲ ಎಂದು ಮೊದಲು ಬರೆದು, ಅದು ಸುಳ್ಳಾಗುತ್ತದೆಂದು ಆ ಕಾರ್ಡನ್ನು ಹರಿದ. ಎರಡನೆಯದರಲ್ಲಿ ಹೀಗೆ ಬರೆದ: "ಎರಡನೆಯವರ ಸಹಿ ಕಳಿಸಲು ನನ್ನಿಂದ ಆಗುವುದಿಲ್ಲ. ಕಾರಣ ಹೇಳಲಾರೆ. ದಯವಿಟ್ಟು ಅಚ್ಚು ಹಾಕಬೇಡಿ."

ಸಂಘದವರು ಅದನ್ನು ಹೇಗೆ ಅರ್ಥ ಮಾಡಿಕೊಂಡರೋ! ಮುಂದಿನ ವರ್ಷ ಅವನು ರಾಮಗಿರಿಯ ಬೆಟ್ಟದ ಮೇಲೆ ಕಂಡ ಗಿಡುಗದ ಬಗ್ಗೆ ಒಂದು ಸಾಲು ಅಚ್ಚಾಯಿತು. ಅದರ ಮುಂದೆ, ಪೂರ್ತಿ ನಂಬುವಂತಿಲ್ಲ ಎನ್ನುವ ಹಾಗೆ, ಪ್ರಶ್ನೆಚಿಹ್ನೆ ಇತ್ತು. ಅವನ ಮುಂದಿನ ವರದಿಗೂ ಇತ್ತು. ಆ ಪತ್ರಿಕೆಗಳನ್ನು ಚಿತ್ರಲಿಂಗಪ್ಪ ಸ್ಟ್ಯಾಂಡಿನಲ್ಲಿ ಯಾರಿಗೂ ತೋರಿಸಲಿಲ್ಲ. ಬರೆಯುವುದನ್ನೂ ನಿಲ್ಲಿಸಲಿಲ್ಲ.

ಓಬಯ್ಯನ ಕೆಲಸ ಉಳಿಯಿತು. ಎಷ್ಟೋ ದಿನಗಳ ಮೇಲೆ ಚಿತ್ರಲಿಂಗಪ್ಪ ಧೈರ್ಯ ಮಾಡಿ ಆ ಕರಿ ಟೋಪಿಯ ಮಾತೆತ್ತಿದಾಗ ಓಬಯ್ಯ ತಲೆ ಕೆರೆದುಕೊಂಡು, "ಮೇಕೆ ಮೇಕೆ ಅಂತ ಹೇಳಿ ಹೇಳಿ ಈಗ ನಂಗೂ ಮೇಕೆನೇ ಕಾಣ್ತೈತೆ ಕಣೋ," ಎಂದನಂತೆ. ತಮಾಷೆಗೆ ಹೇಳಿದನೋ, ನಿಜಕ್ಕೂ ಹಾಗಾಗಿತ್ತೋ, ಚಿತ್ರಲಿಂಗಪ್ಪನಿಗೆ ತಿಳಿಯಲಿಲ್ಲ.

ಆ ಹೊಲದ ಮೇಲೆ ಹಾರಿದ್ದು ಎರೆಭೂತವೇ ಇದ್ದೀತು. ಕಪ್ಪು ಗುರುತಿಲ್ಲದ ಬೇರೆ ಯಾವುದೋ ದೊಡ್ಡ ಹಕ್ಕಿಯೂ ಇದ್ದೀತು. ಅವನು ಆ ಕಾರ್ಡು ಬರೆದಿದ್ದು ಸರಿಯೋ ತಪ್ಪೋ, ಆಮೇಲೆ ಆ ಕಡೆ ಯಾರಾದರೂ ಆ ಹಕ್ಕಿಯನ್ನು ಕಂಡರೋ, ಕಂಡೂ ಬರೆಯದೆ ಬಿಟ್ಟರೋ, ನನಗೆ ಗೊತ್ತಿಲ್ಲ.