ಬಾವರ್ಚಿಯ ಮನೆಯ ಸೋಯಾ ವಡಿ

ಶಮಶೇರ ಕಾಕಾ ಸೋಯಾ ವಡಿಯನ್ನು ಕಿವಿಯ ಹತ್ತಿರ ಹಿಡಿದು, ಮುರಿದು ನೋಡಿ ಕೊಳ್ಳುತ್ತಿದ್ದರು. ಹುಕ್ಕೇರಿಯ ಸಂತೆಯ ದಿನ, ಕಿರಾಣಿ ಅಂಗಡಿಯ ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿರುವಾಗ, ಅರವತ್ತು ದಾಟಿದ ಆ ಎತ್ತರದ ಮನುಷ್ಯ ಚೀಲದಿಂದ ಒಂದೇ ಒಂದು ವಡಿ ಎತ್ತಿ, ಕಣ್ಣು ಮುಚ್ಚಿ, ಚಟ್ಟನೆ ಮುರಿದು, ಚೂರೊಂದನ್ನು ನಾಲಿಗೆಯ ಮೇಲಿಟ್ಟು ಕಾಯುವುದನ್ನು ಮೊದಲ ಸಲ ಕಂಡಾಗ ನನಗೆ ನಗು ಬಂದಿತ್ತು. ಶಬ್ದ ಮೆತ್ತಗಾದರೆ ತೇವ ಹಿಡಿದದ್ದು, ಬಣ್ಣ ಕಪ್ಪಿಟ್ಟರೆ ಹಳೆಯದು, ಕಮಟು ಬಂದರೆ ಯಾವ ಮಸಾಲೆಯೂ ಅದನ್ನು ಉದ್ಧರಿಸಲಾರದು. ಕುರಿಯ ಬೆನ್ನು ಸವರಿಯೇ ಮಾಂಸದ ಗುಣ ಹೇಳಬಲ್ಲ ಕೈ ಅದು. ನಲವತ್ತು ವರ್ಷಗಳಿಂದ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಮುಸಲ್ಮಾನರ ಮದುವೆಗಳಲ್ಲಿ ಅಡುಗೆಯ ದೊಡ್ಡ ಡೇಗಿನ ಮುಂದೆ ನಿಂತ ಬಾವರ್ಚಿ ಅವರು. ಒಲೆಯ ಹೊಗೆಗೆ ಮುಖ ತಪ್ಪಿಸಿ ತಪ್ಪಿಸಿ ನಡಿಗೆ ಎಡಕ್ಕೆ ವಾಲಿತ್ತು. ಬೇಸಿಗೆಯಲ್ಲೂ ಕಳಚದ ಕಂದು ಜಾಕೀಟಿನಲ್ಲಿ ಲವಂಗದ ವಾಸನೆ ನೆಲೆಸಿತ್ತು. ಪ್ರತಿ ಮಾತಿನ ಮೊದಲಿಗೆ 'ಖರೆ ಹೇಳಬೇಕಂದ್ರ' ಎಂಬ ಪೀಠಿಕೆ. ಅಂಥವರು ಒಂದೇ ಒಂದು ಖರೆಯನ್ನು ಹೇಳದೆ ಹೆಸರು ಕಳೆದುಕೊಂಡದ್ದು ನನ್ನ ಕಣ್ಣೆದುರಿಗೇ.

ಆ ದಿನ ಅವರು ನಾಲ್ಕು ಕಿಲೋ ವಡಿ ಕಟ್ಟಿಸಿಕೊಂಡು ಹೋದರು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ನಾನು, "ಶಮಶೇರ ಕಾಕಾ ಚೀಲಗಟ್ಟಲೆ ಸೋಯಾ ಒಯ್ಯಾಕತ್ತಾರ್ರಿ, ಇನ್ನ ನಿಕಾದ ಊಟಕ್ಕ ನಮ್ಮನ್ನೂ ಕರೀತಾರ" ಎಂದು ನಕ್ಕೆ. ಲಿಂಗಾಯತರ ಮನೆಯ ಶಾಲಾ ಮಾಸ್ತರನೊಬ್ಬನ ಹಗುರ ವಿನೋದ. ಎಲ್ಲರೂ ನಕ್ಕರು, ಒಬ್ಬ ಮಾತ್ರ, "ಒಯ್ದ ಏನ ಮಾಡ್ತಾರ ಅಷ್ಟ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮೂರು ದಿನಗಳ ಮೇಲೆ, ಕಾಕಾ ನಮ್ಮ ಮನೆಗೆ ಬಂದು ನನ್ನ ತಾಯಿ ಬಾಳವ್ವನ ಎದುರು ಕೂತಾಗ. "ಬಾಳಕ್ಕಾ, ಖರೆ ಹೇಳಬೇಕಂದ್ರ, ಮಟನ್ ಇಲ್ಲದ ಅಡಗಿ ನನಗ ಬರೂದಿಲ್ಲ. ನೀವು ಕಲಿಸ್ರಿ."

ಅವರ ಹೆಂಡತಿ ಜರೀನಾಬಿಯ ಯಕೃತ್ತು ಕೆಟ್ಟಿತ್ತು. ಬೆಳಗಾವಿಯ ವೈದ್ಯರು ಮಾಂಸ ಬಿಡಿಸಿದ್ದರು, ಉಪ್ಪನ್ನೂ ಬಹುಪಾಲು ಬಿಡಿಸಿದ್ದರು. ಮಾಂಸ ತಿಂದರೆ ಬುದ್ಧಿಗೆ ಮಂಕು ಕವಿದೀತು, ಮೈಯ ಬಲ ಕಾಳಿನಿಂದ, ಸೋಯಾದಿಂದ ಬರಲಿ ಎಂದಿದ್ದರು. ಬಾವರ್ಚಿಯ ಹೆಂಡತಿಯಾಗಿ ಬಾಳಿದ ಆಕೆ ಬೇಳೆ ಮುಂದಿಟ್ಟರೆ ತಟ್ಟೆ ದೂಡುತ್ತಿದ್ದರು. ಮಗಳು ತಮನ್ನಾಳಿಗೆ ಗೋಕಾಕದ ಸಂಬಂಧ ನಿಶ್ಚಯವಾಗಿತ್ತು. ಕಾಮಾಲೆಯ ಮನೆ, ಅಂಟುವ ರೋಗ ಎಂದು ಬೀಗರು ಹಿಂದೆಗೆದಾರೆಂಬ ಭಯದಿಂದ, ನಿಕಾ ಮುಗಿಯುವವರೆಗೆ ಯಾರಿಗೂ ತಿಳಿಯಕೂಡದೆಂದು ಜರೀನಾಬಿ ಗಂಡನಿಂದ ಮಾತು ತೆಗೆದುಕೊಂಡಿದ್ದರು. "ನಿಮ್ಮಿಬ್ಬರಿಗೆ ಹೇಳೇನಿ," ಎಂದರು ಕಾಕಾ. "ಇಲ್ಲಿಗೇ ಇರ್ಲಿ."

ಅವ್ವ ಕಲಿಸಿದ್ದು ಅಲ್ಪ: ಕುದಿಯುವ ನೀರಿಗೆ ಹಾಕಬೇಕು, ಉಬ್ಬಿದ ಮೇಲೆ ತಣ್ಣೀರಲ್ಲಿ ತೊಳೆದು, ನೊರೆ ನಿಲ್ಲುವ ತನಕ ಹಿಂಡಬೇಕು. ಉಳಿದದ್ದನ್ನು ಅವರೇ ಸಾಧಿಸಿದರು. ಹಿಂಡಿದ ವಡಿಯನ್ನು ಮೊಸರು, ಶುಂಠಿ, ಬೆಳ್ಳುಳ್ಳಿಯಲ್ಲಿ ನೆನೆಹಾಕಿ, ಉಳ್ಳಾಗಡ್ಡಿ ಮತ್ತು ಒಣಕೊಬ್ಬರಿಯನ್ನು ಕೆಂಡದಲ್ಲಿ ಸುಟ್ಟು ಅರೆದು, ದಗಡಫೂಲವೆಂಬ ಕಲ್ಲುಹೂವನ್ನು ಹುರಿದು ಹಾಕಿ, ಇಲ್ಲದ ಉಪ್ಪಿನ ಜಾಗಕ್ಕೆ ಕೊನೆಯಲ್ಲಿ ನಿಂಬೆಹಣ್ಣು ಹಿಂಡಿ, ಪಾತ್ರೆಯ ನಡುವೆ ಬಟ್ಟಲಲ್ಲಿ ಕೆಂಡವಿಟ್ಟು ತುಪ್ಪದ ಹನಿ ಬಿಟ್ಟು ಹೊಗೆಯನ್ನು ಮುಚ್ಚಿಡುತ್ತಿದ್ದರು. ಮೊದಮೊದಲು ಜರೀನಾಬಿ, "ರಬ್ಬರ್ ಐತಿ" ಎಂದು ಉಗುಳಿದರು. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬಹಳ ಹೊತ್ತು ಜಗಿದು, "ಇದು ಮಟನ್ ಅಲ್ಲ. ಆದ್ರ ಇದಕ್ಕ ನಾ ಬೈಯೂದಿಲ್ಲ" ಎಂದರಂತೆ. ಅದನ್ನು ಅವ್ವನಿಗೆ ಹೇಳಲಿಕ್ಕೆಂದೇ ಕಾಕಾ ಬಿಸಿಲಲ್ಲಿ ನಡೆದುಕೊಂಡು ಬಂದಿದ್ದರು. ಮನೆಯಲ್ಲಿ ತಾವೂ ಅದನ್ನೇ ಉಣ್ಣುತ್ತಿದ್ದರು, ಉಪ್ಪಿಲ್ಲದೆ.

ಇತ್ತ ಚಹಾದಂಗಡಿಯ ಪ್ರಶ್ನೆ ಊರೂರು ತಿರುಗಿ ತಾನೇ ಉತ್ತರವಾಗಿಬಿಟ್ಟಿತ್ತು. ಮೂಡಲಗಿಯಲ್ಲಿ ನನ್ನ ಹಳೆಯ ಸಹಪಾಠಿ ಶಹಬಾಜನ ತಮ್ಮನ ಮದುವೆ, ಡೇಗಿನ ಮುಂದೆ ಕಾಕಾ. ಶಾಕಾಹಾರಿಗಳ ಪಂಕ್ತಿಯಲ್ಲಿ ನಾನು ಕೂತಿದ್ದಾಗ ಆಚೆಯಿಂದ ಗದ್ದಲ ಕೇಳಿ ಎದ್ದುಹೋದೆ. ಯಾರೋ ತುಂಡೊಂದನ್ನು ಎತ್ತಿ ಹಿಡಿದು, ಇದು ಸೋಯಾ ಎಂದಿದ್ದ.

"ಕಾಕಾ, ಮಟನ್‌ದಾಗ ಸೋಯಾ ಬೆರಸೀರೇನು?" ಶಹಬಾಜ ಕೇಳಿದ.

"ಇಲ್ಲ."

"ಮತ್ತ ತಿಂಗಳಾ ತಿಂಗಳಾ ಅಷ್ಟ ಸೋಯಾ ಯಾಕ ಒಯ್ತೀರಿ? ಹುಕ್ಕೇರಿ ತುಂಬ ಅದ ಮಾತ ಐತಿ."

ಕಾಕಾ ನೆರೆದವರ ನಡುವೆ ನನ್ನನ್ನು ಕಂಡರು. ಬೇಡ ಎಂಬಂತೆ ತಲೆಯನ್ನು ಕೂದಲೆಳೆಯಷ್ಟು ಅಲ್ಲಾಡಿಸಿ, ನೆಲ ನೋಡುತ್ತ ನಿಂತರು. ಮದುವೆ ಮನೆಯವರು ಡೇಗನ್ನು ತಾಡಪತ್ರಿಯ ಮೇಲೆ ಬೋರಲು ಹಾಕಿದರು. ನಾಲ್ಕಾರು ಜನ ಕೈಯಿಂದ ಕೆದಕಿ ಕೆದಕಿ ಹುಡುಕಿದರು. ಎಲುಬು, ಮಾಂಸ, ಕೊಬ್ಬು, ಬೇರೇನೂ ಇರಲಿಲ್ಲ. ಯಾರೂ ತಪ್ಪಾಯಿತೆನ್ನಲಿಲ್ಲ. "ಇವತ್ತ ಹಾಕಿಲ್ಲ, ಅಷ್ಟ" ಎಂದು ಒಬ್ಬ ಹೇಳಿದ. ಆ ಮಾತೇ ಉಳಿಯಿತು. ನಾನು ಬಾಯಿ ತೆರೆಯಲಿಲ್ಲ. ಅವರೇ ಬೇಡವೆಂದರಲ್ಲ ಎಂದು ಸಮಾಧಾನ ಹೇಳಿಕೊಂಡು ಹುಕ್ಕೇರಿಯ ಬಸ್ಸು ಹತ್ತಿದೆ.

ಅಲ್ಲಿಂದ ಮುಂದೆ ಯಾರೂ ಅವರನ್ನು ಕರೆಯಲಿಲ್ಲ. ತಮನ್ನಾಳ ನಿಕಾಕ್ಕೂ ಗೋಕಾಕದ ಬೀಗರು, ಬಾವರ್ಚಿ ಬೇರೆಯವರಿರಲಿ ಎಂದು ಹೇಳಿ ಕಳಿಸಿದರು. ಅಂಕಲಗಿಯಿಂದ ಬಂದವನೊಬ್ಬ ಡೇಗಿನ ಮುಂದೆ ನಿಂತ. ಮಗಳ ಮದುವೆಯಲ್ಲಿ ಶಮಶೇರ ಕಾಕಾ ಜಾಕೀಟು ತೊಟ್ಟು, ನೀರಿನ ಜಗ್ಗು ಹಿಡಿದು ಪಂಕ್ತಿಯಲ್ಲಿ ಓಡಾಡಿದರು. ಮನೆಯಲ್ಲಿ ಮಾಡಿದ ಸೋಯಾ ಸಾರನ್ನು ಮೊದಲೇ ಜರೀನಾಬಿಯ ತಟ್ಟೆಗೆ ಬಡಿಸಿಟ್ಟಿದ್ದರು, ನೋಡಿದರೆ ಮಟನ್ನೇ. ಆದರೆ ಬೀಗತಿ ಪ್ರೀತಿಯಿಂದ ಬಂದು ಅದೇ ತಟ್ಟೆಗೆ ಸೌಟು ತುಂಬ ಮಟನ್ ಸುರಿದು, "ನನ್ನ ಕೈಲೆ ಹಾಕೇನಿ, ಉಣ್ರಿ" ಎಂದು ಎದುರಿಗೇ ಕೂತರು. ಜರೀನಾಬಿ ದೂರದಲ್ಲಿದ್ದ ಗಂಡನನ್ನೊಮ್ಮೆ ನೋಡಿ, ಪೂರ್ತಿ ಉಂಡರು. ಜಗ್ಗು ಹಿಡಿದ ಕಾಕಾ ಒಂದು ಹೆಜ್ಜೆ ಮುಂದಿಟ್ಟು, ನಿಂತುಬಿಟ್ಟರು.

ನಾಲ್ಕನೆಯ ದಿನ ಆಕೆ ಮಗಳ ಹೆಸರು ಮರೆತರು. ಕೈಗಳು ತಾವಾಗಿಯೇ ಅಲುಗತೊಡಗಿದವು. ಆ ಒಂದು ಊಟವೇ ಕಾರಣವೆನ್ನಲಾಗದು, ರೋಗ ಮೊದಲೇ ಬಲಿತಿತ್ತು ಎಂದರು ವೈದ್ಯರು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು.

ಆಗ ಎಲ್ಲವೂ ಎಲ್ಲರಿಗೂ ತಿಳಿಯಿತು. ಮಾತನಾಡಿಸಲು ಬಂದ ಶಹಬಾಜ ತಲೆ ತಗ್ಗಿಸಿ, "ಆವತ್ತ ಒಂದ ಮಾತ ಹೇಳಬೇಕಿತ್ತಲ್ಲ ಕಾಕಾ" ಎಂದ.

"ಅದು ನನ್ನ ಮಾತಾಗಿರ್ಲಿಲ್ಲ. ಆಕೀದಿತ್ತು," ಎಂದರು ಕಾಕಾ.

ಶಹಬಾಜ ಹೋದ ಮೇಲೆ ನಾನು ಚಹಾದಂಗಡಿಯ ನನ್ನ ವಿನೋದವನ್ನು ಅವರಿಗೆ ಹೇಳಿದೆ. "ಬಾಳಕ್ಕಗ ಗೊತ್ತೈತೇನು?" ಎಂದು ಕೇಳಿದರು. ಇಲ್ಲವೆಂದೆ. "ಹೇಳಬ್ಯಾಡ್ರಿ ಮಾಸ್ತರ. ವಯಸ್ಸಾಗೈತಿ, ನೊಂದಕೋತಾರ." ಆಮೇಲೆ ಅವರು ನಮ್ಮ ಮನೆಗೆ ಬಂದಿಲ್ಲ. ಬೀದಿಯಲ್ಲಿ ಎದುರಾದರೆ ಸಲಾಮು ಮಾಡುತ್ತಾರೆ, ಅವ್ವನ ಆರೋಗ್ಯ ವಿಚಾರಿಸುತ್ತಾರೆ, ಮುಂದೆ ನಡೆಯುತ್ತಾರೆ. ಮದುವೆಯ ಮನೆಗಳಿಂದ ಈಗ ಮತ್ತೆ ಕರೆ ಬರುತ್ತದೆ, ಅವರು ಹೋಗುವುದಿಲ್ಲ.

ಪರರ ಗುಟ್ಟನ್ನು ತಮ್ಮ ಮಾನಕ್ಕಿಂತ ಮೇಲಿಟ್ಟು ಕಾಯುವ ಇಂಥವರು ಊರಿಗೆ ಒಬ್ಬಿಬ್ಬರು ಇರುತ್ತಾರೆ. ಅವರ ಮೌನವನ್ನು ಲೋಕ ಅಪರಾಧವೆಂದು ಓದುತ್ತದೆ, ಅವರು ಓದಗೊಡುತ್ತಾರೆ. ಅವರ ಪಕ್ಕದಲ್ಲಿ, ನಿಜ ತಿಳಿದ ಒಬ್ಬನಾದರೂ ಇದ್ದೇ ಇರುತ್ತಾನೆ. ಅವರು ತಾವು ಕೊಟ್ಟ ಮಾತಿಗೆ ಕಟ್ಟುಬಿದ್ದು ಸುಮ್ಮನಿರುತ್ತಾರೆ. ಅವನು ತನ್ನ ಪಾಲಿನ ತಪ್ಪಿಗೆ ಅಂಜಿ ಸುಮ್ಮನಿರುತ್ತಾನೆ. ಹೊರಗಿನಿಂದ ನೋಡುವವರಿಗೆ ಎರಡೂ ಮೌನ ಒಂದೇ ತರಹ ಕಾಣುತ್ತವೆ.