ಓಗೊಡದ ಕೂ

ಆಚೆ ದಡದಿಂದ ಯಾರಾದರೂ "ಕೂ" ಎಂದರೆ ಈಚೆ ದಡದ ದೋಣಿಯವನು ತಿರುಗಿ "ಕೂ" ಎನ್ನಬೇಕು. ಆಮೇಲೆ ನಿಧಾನಕ್ಕೆ ಉಂಡು ಬಂದರೂ ನಡೆದೀತು. ಓಗೊಡದೆ ಕೂತರೆ ಮಾತ್ರ ಮರ್ಯಾದೆ ಕಳೆದಂತೆ. ಹೊನ್ನಾವರದ ಹೊಳೆ ದಾಟಿಸುವ ಆ ತಾರಿಯಲ್ಲಿ ಬೊಮ್ಮಯ್ಯ ಮೀಸೆ ಮೂಡುವ ಮೊದಲೇ ದೋಣಿ ನೂಕುವ ಜಲ್ಲೆ ಹಿಡಿದವನು. ಅವನ ಕೂ ತಪ್ಪಿದ್ದಿಲ್ಲ.

ತಪ್ಪತೊಡಗಿದ್ದು ಈ ಕಡೆ ರೈಲು ಬಂದ ಮರುವರ್ಷ. ಒಂದು ದಿನ ಮೀನು ಮಾರುವ ಬಂಗಾರಿ ಹೊತ್ತೇರಿದ ಮೇಲೆ ಹೇಗೋ ಅವನ ಕಣ್ಣಿಗೆ ಬಿದ್ದು ದಾಟಿಬಂದವಳು, ನೇರ ಅವನ ಹೆಂಡತಿ ಗಣಪಿಯ ಅಂಗಳಕ್ಕೆ ಬಂದಳು.

"ಗಣಪಕ್ಕ, ನಿನ್ನ ಗಂಡ ಎಂತ ಸಾಹುಕಾರ ಆಗ್ಬಿಟ್ನ? ಕೂಗಿ ಕೂಗಿ ನನ್ನ ಗಂಟ್ಲು ಹರೀತು. ಬಂಗಡೆ ಎಲ್ಲಾ ಮೆತ್ತಗಾತು."

ಗಣಪಿಗೆ ನಾಚಿಕೆಯಾಯಿತು. ಆ ಕೂ ಅವಳಿಗೆ ಅಡುಗೆಮನೆಯಲ್ಲೇ ಕೇಳಿತ್ತು. ಗಂಡ ತಲೆ ಎತ್ತದೆ ಕೂತದ್ದನ್ನೂ ಕಂಡಿದ್ದಳು. ಮಗ ಮೋಹನ ದೋಣಿ ಬೇಡವೆಂದು ಪೇಟೆಯ ಅಂಗಡಿ ಸೇರಿದಾಗಿನಿಂದ ಗಂಡನಿಗೆ ಮುನಿಸು ಎಂದು ಅವಳ ಎಣಿಕೆ. ಮಾತಾಡಿಸಿದರೆ ಉತ್ತರವಿಲ್ಲ, ಮತ್ತೆ ಕೇಳಿದರೆ ಸಿಡುಕು. ಅವನಿಗೆ ಬೇಡದ ಮಾತು ತನಗೇಕೆಂದು ಅವಳೂ ಬಿಟ್ಟಳು. ಗಂಜಿಯ ಬಟ್ಟಲು ಮುಂದೆ ನೂಕಿ ಒಳಗೆ ಹೋಗುವಳು. ಕೂ ಕೇಳಿದರೂ ಸುಮ್ಮನಿರುವಳು. ಜನ ಬೈಯಲಿ, ಅವನಿಗೆ ಬುದ್ಧಿ ಬರಲಿ.

ಜನ ಮೇಲಿನ ತಾರಿಗೆ ಹೋದರು. ಬೊಮ್ಮಯ್ಯ ದಡಕ್ಕಿಳಿಯುವುದನ್ನು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಊಟವೂ ಸೇರದೆ ಮೈ ಒಣಗಿದ ಮೇಲೆ ಮೋಹನ ಅಪ್ಪ ಅಮ್ಮ ಇಬ್ಬರನ್ನೂ ಕುಮಟೆಗೆ ಕರೆದೊಯ್ದ. ಡಾಕ್ಟರು ಬೊಮ್ಮಯ್ಯನ ಹಿಂದೆ ನಿಂತು ಚಪ್ಪಾಳೆ ಹೊಡೆದರು. ಅವನು ಅಲುಗಲಿಲ್ಲ.

"ವಯಸ್ಸಿಗೆ ಕಿವಿ ಹೋಗಿ ವರ್ಷಗಳೇ ಆಗಿವೆ," ಎಂದರು. "ಯಾರ ಮಾತೂ ಮುಟ್ಟದೆ ಮನಸ್ಸೂ ಕುಸಿದಿದೆ. ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?"



ಕಿವಿಗೆ ಮೆಶಿನ್ ಬಂತು. ಬರೀ ಗದ್ದಲ ಎಂದು ಅವನು ಅದನ್ನು ಗೋಡೆಯ ಗೂಡಿನಲ್ಲಿಟ್ಟ.

ಒಂದು ಬೆಳಿಗ್ಗೆ, ತಾರಿ ನಿಂತದ್ದು ತಿಳಿಯದ ಯಾರೋ ಆಚೆಯಿಂದ ಕೂಗಿದರು. ಗಣಪಿ ಓಡಿಬಂದು ಗಂಡನ ಹೆಗಲು ಮುಟ್ಟಿ ಹೊಳೆ ತೋರಿಸಿದಳು. ಅವನು ಕಿಟಕಿಯಿಂದ ನೋಡಿದ. ಆಚೆ ದಡದಲ್ಲೊಂದು ಕೊಡೆ.

"ಆವಾಗ್ಲೂ ನಿಂಗೆ ಕೇಳ್ತಿತ್ತ?"

ಸುಳ್ಳು ಹೇಳಲಾಗಲಿಲ್ಲ. ಹೌದೆಂದು ತಲೆಯಾಡಿಸಿದಳು.

"ಹೀಂಗೆ ಒಂದ್ಸಲ ಮುಟ್ಟಿದ್ರೆ ಆಗ್ತಿತ್ತಲೆ," ಎಂದು ಅವನು ಮತ್ತೆ ಗೋಡೆಗೆ ತಿರುಗಿದ.

ಆಚೆಯಿಂದ ಇನ್ನೊಮ್ಮೆ ಕೂಗು ಬಂತು. ಗಣಪಿ ದಡಕ್ಕಿಳಿದು, ಬಾಯಿಗೆ ಕೈ ಅಡ್ಡ ಹಿಡಿದು, ರೂಢಿಯಿಲ್ಲದ ದನಿಯಲ್ಲಿ ಕೂ ಎಂದಳು. ಓಗೊಟ್ಟ ಮೇಲೆ ಯಾರಾದರೂ ಹೋಗಲೇಬೇಕು. ಅವಳು ಮನೆಯ ಬಾಗಿಲು ನೋಡುತ್ತ ನಿಂತಳು.