ಕಡತದ ಕೊನೆಯ ಹಾಳೆ

ಕೊನೆಯ ಹಾಳೆಯ ಮೇಲಿಟ್ಟ ಕೈಯನ್ನು ಹುಡುಗಿ ತೆಗೆಯಲಿಲ್ಲ. ಉಳಿದ ಹನ್ನೊಂದನ್ನೂ ಒಂದೊಂದಾಗಿ ಮೇಜಿನ ಮೇಲೆ ಹರಡಿ ಓದಿ ಹೇಳಿದ್ದಳು. ಇದೊಂದು ಬಂದಾಗ ಮಾತ್ರ, ಸ್ವಲ್ಪ ನೀರು ಕುಡೀತೀರಾ ಎಂದು ಕೇಳಿದಳು.

ಹೊಲಿಗೆಯಾಕೆ ಬೇಡವೆಂದು ತಲೆಯಾಡಿಸಿದಳು. ಕಾನೂನು ಕಾಲೇಜಿನ ಈ ಕೋಣೆಗೆ ಅವಳು ಬರತೊಡಗಿ ಒಂದೂವರೆ ವರ್ಷವಾಗಿತ್ತು. ಮಾತಾಡಿದ್ದಕ್ಕೆ ಕೇಸು ಹಾಕಿಸಿಕೊಂಡವರು, ಸರ್ಕಾರದ ಕಡತ ಕೇಳಲು ಹೋಗಿ ಬರಿಗೈಯಲ್ಲಿ ವಾಪಸಾದವರು ಇಲ್ಲಿಗೆ ಬರುತ್ತಿದ್ದರು. ಕೊನೆಯ ಎರಡು ವರ್ಷಗಳ ವಿದ್ಯಾರ್ಥಿಗಳು ಕಾಗದಪತ್ರ ಸಿದ್ಧಮಾಡುತ್ತಿದ್ದರು; ಅವರ ಮೇಡಂ ಶುಲ್ಕವಿಲ್ಲದೆ ವಾದಿಸುತ್ತಿದ್ದರು. ಹೊಲಿಗೆಯಾಕೆಯ ಕೇಸು ಈ ಹುಡುಗಿಯ ಪಾಲಿಗೆ ಬಂದಿತ್ತು.

ಹೊಲಿಗೆಯಾಕೆಯ ಗಂಡ ನಗರಸಭೆಯ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದ. ಒಂದು ಬೆಳಿಗ್ಗೆ ಮೂರನೇ ಮಹಡಿಯಲ್ಲಿ ಬಾಗಿಲೇನೋ ತೆರೆದುಕೊಂಡಿತು, ಲಿಫ್ಟ್ ಬಂದಿರಲಿಲ್ಲ. ಇದೆಯೆಂದುಕೊಂಡು ಕಾಲಿಟ್ಟ. ಅವನದೇ ಅಜಾಗರೂಕತೆ ಎಂದು ಎರಡು ಸಾಲು ಬರೆದು ಕಚೇರಿ ಕೈತೊಳೆದುಕೊಂಡಿತು. ತಪಾಸಣೆಯ ಕಡತ ಕೇಳಿದರೆ ಈ ಮೇಜಿನಿಂದ ಆ ಮೇಜಿಗೆ ಅಲೆಸಿದರು. ಅಲೆದು ಸಾಕಾಗಿ, ಐದನೇ ತಿಂಗಳು ಅವಳು ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಕಟ್ಟಡದ ಮೆಟ್ಟಿಲ ಮೇಲೆ ಕೂತಳು: 'ನನ್ನ ಗಂಡ ಇಲ್ಲಿ ಲಿಫ್ಟಿನ ಗುಂಡಿಗೆ ಬಿದ್ದು ಸತ್ತರು. ಲಿಫ್ಟ್ ಸರಿಯಿತ್ತೇ? ಕಡತ ಪೂರ್ತಿ ತೋರಿಸಿ.' ಮಾನಹಾನಿಯಾಯಿತೆಂದು ಕಚೇರಿ ಅವಳ ಮೇಲೆ ಕೇಸು ಹಾಕಿತು.

ಅಲ್ಲಿಂದ ಜನ ಒಬ್ಬೊಬ್ಬರಾಗಿ ಸರಿದರು. ಅದೇ ಕಚೇರಿಯಲ್ಲಿದ್ದ ಮೈದುನ ಹಿಂಬಾಗಿಲಿನಿಂದ ಓಡಾಡತೊಡಗಿದ. ಅವನ ಹೆಂಡತಿ ಫೋನ್ ಎತ್ತುವುದನ್ನು ಬಿಟ್ಟಳು. ಅಕ್ಕಪಕ್ಕದವರು ಮಾತು ಬಿಟ್ಟಿರಲಿಲ್ಲ, ಬಿಸಿಲು ಜಾಸ್ತಿ ಎಂಬುದರಾಚೆಗೆ ಹೋಗುತ್ತಿರಲಿಲ್ಲ ಅಷ್ಟೆ. ಹೊಲಿಗೆ ಯಂತ್ರ ನಿಂತೊಡನೆ ಮನೆಯೊಳಗೆ ಕಿವಿ ಗುಂಯ್‌ಗುಡುತ್ತಿತ್ತು. ಅದಕ್ಕೇ ಅವಳು ಮುಗಿದ ಬಟ್ಟೆಗೂ ಇನ್ನೊಂದು ಸಾಲು ಹೊಲಿಗೆ ಓಡಿಸುತ್ತಿದ್ದಳು. ಊಟ ಆಯ್ತಾ ಎಂದು ಕೇಳುವವಳು ಈ ಹುಡುಗಿಯೊಬ್ಬಳೇ, ಅದೂ ವಾರಕ್ಕೊಮ್ಮೆ.

ಕಳೆದ ತಿಂಗಳು ತೀರ್ಪು ಬಂತು. ಪ್ರಶ್ನೆ ಕೇಳಿದ ಮಾತ್ರಕ್ಕೆ ಯಾರ ಮಾನವೂ ಹೋಗುವುದಿಲ್ಲ, ಆಕೆ ಅಲ್ಲೇ ಕೂರಲಿ, ಕಡತವನ್ನು ಪೂರ್ತಿಯಾಗಿ ಕೊಡಿ ಎಂದರು ನ್ಯಾಯಾಧೀಶರು. ಹಾಗೆ ಬಂದ ಹನ್ನೆರಡು ಹಾಳೆಗಳಿವು. ಇವುಗಳಲ್ಲಿ ಗಂಡನ ಕೈಬರಹದ ದೂರುಗಳೇ ಮೂರಿದ್ದವು. 'ಬಾಗಿಲು ತಾನಾಗಿ ತೆರೆಯುತ್ತದೆ, ಯಾರಾದರೂ ಬಿದ್ದಾರು' ಎಂದು ಮೂರನೆಯದರಲ್ಲಿ ಗೆರೆ ಎಳೆದು ಬರೆದಿದ್ದ. ಅದನ್ನು ಕೇಳುವಾಗ ಅವಳ ಬೆನ್ನು ನೆಟ್ಟಗಾಗಿತ್ತು.

ಹುಡುಗಿ ಕೈ ತೆಗೆದಳು. ಕೊನೆಯ ಹಾಳೆಯಲ್ಲಿ ಟೈಪು ಮಾಡಿದ ಎರಡೇ ವಾಕ್ಯ: 'ದೋಷ ಸರಿಪಡಿಸಲಾಗಿದೆ. ಲಿಫ್ಟ್ ಸುಸ್ಥಿತಿಯಲ್ಲಿದೆ.' ಕೆಳಗೆ ಹೊಲಿಗೆಯಾಕೆಯ ಗಂಡನ ಸಹಿ. ತಾರೀಖು, ಅವನು ಸಾಯುವುದಕ್ಕೆ ಒಂಬತ್ತು ದಿನ ಮುಂಚಿನದು.

ಹೊಲಿಗೆಯಾಕೆಗೆ ಆ ವಾರ ನೆನಪಿತ್ತು. ಗುತ್ತಿಗೆ ಕೆಲಸ ಇನ್ನೊಂದು ವರ್ಷ ಮುಂದುವರಿಸಿದರು ಎಂದು ಅವನು ಹೇಳಿದ್ದ; ಹೇಳಿ, ತಟ್ಟೆಯ ಮುಂದೆ ಕೂತು ಊಟ ಮಾಡದೆ ಎದ್ದಿದ್ದ. ಖುಷಿಯಲ್ಲಿ ಅವಳು ಯಾಕೆಂದು ಕೇಳಲಿಲ್ಲ. ಮೂರನೇ ದೂರು ಬರೆದ ದಿನವಾದರೋ, "ಬರೆದು ಬರೆದು ನಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಬೇಡಿ" ಎಂದು ರೇಗಿದವಳೇ ಅವಳು. ಆ ಮಾತನ್ನು ಕೋರ್ಟಿನಲ್ಲೂ ಹೇಳಿರಲಿಲ್ಲ, ಈ ಕೋಣೆಯಲ್ಲೂ ಹೇಳಿರಲಿಲ್ಲ.

ಹುಡುಗಿ ತಗ್ಗಿದ ದನಿಯಲ್ಲಿ ವಿವರಿಸಿದಳು. ಬಲವಂತದಿಂದ ಸಹಿ ಹಾಕಿಸಿಕೊಂಡರೆಂದು ಮುಂದೆ ವಾದಿಸಬಹುದು. ಆದರೆ ಈ ಹಾಳೆ ಹೊರಗೆ ಬಂದರೆ ಜನ ಇದೊಂದನ್ನೇ ಹಿಡಿದುಕೊಳ್ಳುತ್ತಾರೆ. ಕಡತ ಈಗ ನಿಮ್ಮದು. ನಿಮ್ಮ ರಟ್ಟಿಗೆ ಹನ್ನೊಂದು ಹಾಳೆ ಅಂಟಿಸಿದರೂ ಸಾಕು, ಮೇಡಂ ಕೂಡ ಅದನ್ನು ನಿಮಗೇ ಬಿಟ್ಟಿದ್ದಾರೆ.

"ಪೂರ್ತಿ ತೋರಿಸಿ ಅಂತ ಕೂತಿದ್ದು ನಾನು ಕಣಮ್ಮ. ನನಗೆ ಬೇಕಾದ್ದಷ್ಟೇ ತೋರಿಸಿ ಅಂತ ಬರೆದಿರಲಿಲ್ಲ."

"ಅವರ ಹೆಸರು ಕೆಡುತ್ತೆ ಅಮ್ಮಾ."

"ಹೆದರಿ ಹಾಕಿದ ಸಹಿ ಅದು," ಎಂದಳು ಹೊಲಿಗೆಯಾಕೆ. "ಹೆದರಿಸಿದವರಲ್ಲಿ ನಾನೂ ಒಬ್ಬಳು."

ಹುಡುಗಿ ಎದ್ದು ಹೋಗಿ ಹನ್ನೆರಡು ಹಾಳೆಗಳಿಗೂ ನಕಲು ತೆಗೆದುಕೊಟ್ಟಳು.

ಮರುದಿನ ಬೆಳಿಗ್ಗೆ ಹೊಲಿಗೆಯಾಕೆ ಅವನ್ನು ರಟ್ಟಿಗೆ ಅಂಟಿಸಿಕೊಂಡು ಮೆಟ್ಟಿಲ ಮೇಲೆ ಕೂತಳು. ಊಟದ ಹೊತ್ತಿಗೆ ಕಚೇರಿಯವರು ಹೊರಬಂದು ಬಗ್ಗಿ ಓದಿದರು. ಅವನೇ ಸಹಿ ಹಾಕಿದಾನಲ್ಲ ಎಂದು ಯಾರೋ ಅವಳಿಗೆ ಕೇಳುವಂತೆಯೇ ಅಂದರು, ಇನ್ನೊಬ್ಬರು ನಕ್ಕರು. ಅವಳು ರಸ್ತೆಯ ಕಡೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಿಗೆಲ್ಲ ಮೆಟ್ಟಿಲು ಖಾಲಿಯಾಯಿತು.

ಒಬ್ಬ ಮಾತ್ರ ಉಳಿದಿದ್ದ. ನಿವೃತ್ತಿಯ ಅಂಚಿನ ಗುಮಾಸ್ತ, ಅವಳಿಗೆ ಮುಖಪರಿಚಯವೂ ಇಲ್ಲದವನು. ಕನ್ನಡಕವನ್ನು ಹಣೆಗೇರಿಸಿ, ಕೊನೆಯ ಹಾಳೆಗೆ ಮುಖ ತಗುಲುವಷ್ಟು ಬಗ್ಗಿ, ಆ ಎರಡು ವಾಕ್ಯಗಳನ್ನೇ ಮತ್ತೆ ಮತ್ತೆ ಓದುತ್ತಿದ್ದ.

"ಟೈಪು ಮಾಡಿ ತಂದುಕೊಡ್ತಾರೆ," ಎಂದ, ಯಾರಿಗೂ ಅಲ್ಲವೆಂಬಂತೆ. "ಸಹಿ ಹಾಕೋ ಜಾಗಕ್ಕೆ ಪೆನ್ಸಿಲಲ್ಲಿ ಗುರುತೂ ಮಾಡಿರ್ತಾರೆ."

ಅವಳು ತಿರುಗಿ ನೋಡಿದಳು. ಅವನು ಒಳಗೆ ಹೋಗಲಿಲ್ಲ. ಮಂಡಿ ಹಿಡಿದುಕೊಂಡು ಮೆಲ್ಲಗೆ ಅದೇ ಮೆಟ್ಟಿಲಿನ ಆ ತುದಿಯಲ್ಲಿ ಕೂತ. ಅವಳು ಇಬ್ಬರ ನಡುವೆ ಇದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.